ಕಾನು ಕಡಿದು ತೋಟ ಮಾಡಿದವರು ಈಗ ‘ಮೂವತ್ತು ವರ್ಷದ ಸ್ವಾಧೀನ’ ಅಂತ ಕೋರ್ಟಿಗೆ ಹೋಗಿದ್ದಾರೆ. ಊರಿನವರು ಏನು ಮಾಡಬಹುದು?

ಕಾನಂಚು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಮಳೆ ಸೀಮೆಯವನು. ನಮ್ಮೂರಿನ ಮೇಲ್ಗಡೆ ಒಂದು ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು ಇದೆ. ಊರಿನ ಹಳ್ಳ ಹುಟ್ಟುವುದು ಅಲ್ಲೇ. ಏಪ್ರಿಲ್‌ನಲ್ಲಿ ಕೆಳಗಿನ ಬಾವಿಗಳು ತಳ ಕಂಡರೂ ಆ ಒರತೆ ಬತ್ತಿದ್ದನ್ನು ನಾನು ನೋಡಿಲ್ಲ. ಮಳೆಗಾಲದಲ್ಲಿ ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣು ಹೆಕ್ಕಲು ಅರ್ಧ ಊರು ಅಲ್ಲಿಗೇ ಹೋಗುತ್ತದೆ.

ಆ ಕಾನಿನ ಒಂದು ಮಗ್ಗುಲಲ್ಲಿ ಸುಮಾರು ಆರು ಎಕರೆ ಈಗ ಅಡಿಕೆ ತೋಟ. ಒಂದೇ ದಿನ ಆಗಿದ್ದಲ್ಲ. ಮೊದಲು ಕೆಳಗಿನ ಗಿಡಗಂಟಿ ಸವರಿದರು. ಆಮೇಲೆ ದೊಡ್ಡ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದರು. ಒಂದೊಂದೇ ಮರ ಒಣಗಿತು. ಬೇಲಿ ಬಂತು, ಅಗಳ ಬಂತು, ಸಸಿ ಬಂತು. ಮಾಡಿದವರು ನೆಲ ಇಲ್ಲದವರಲ್ಲ. ಅವರಿಗೆ ಹದಿನೈದು ಎಕರೆ ಖಾತೆ ಜಮೀನಿದೆ. ನಮ್ಮ ಗ್ರಾಮ ಅರಣ್ಯ ಸಮಿತಿಯಿಂದ ಮೂರು ಸಲ ದೂರು ಬರೆದೆವು. ಎರಡು ಸಲ ಸ್ವೀಕೃತಿಯನ್ನೂ ಕೊಡಲಿಲ್ಲ.

ಈಗ ಅವರು ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದ್ದಾರೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ನಾವೇ ಅನುಭವಿಸುತ್ತಿದ್ದೇವೆ, ಅಡ್ವರ್ಸ್ ಪೊಸೆಷನ್ ಪ್ರಕಾರ ನಾವೇ ಮಾಲೀಕರು ಅಂತ ಘೋಷಿಸಿ, ಯಾರೂ ಒಳಗೆ ಬರದಂತೆ ತಡೆಯಾಜ್ಞೆ ಕೊಡಿ ಅಂತ. ಪ್ರತಿವಾದಿಗಳು ಜಿಲ್ಲಾಧಿಕಾರಿ ಮತ್ತು ತಹಶೀಲ್ದಾರ್ ಮಾತ್ರ. ಅರಣ್ಯ ಇಲಾಖೆಯ ಹೆಸರೇ ಇಲ್ಲ! ನಮಗೆ ಗೊತ್ತಾಗಿದ್ದು ಬೇರೆ ಕೆಲಸಕ್ಕೆ ಕೋರ್ಟಿಗೆ ಹೋದವರೊಬ್ಬರು ಹೇಳಿದ ಮೇಲೆ.

ಸುಮ್ನೆ ಕೂತು ಅನುಭವಿಸಿದರೆ ಕಾಡು ಅವರದಾಗಿಬಿಡುತ್ತಾ? ಊರಿನವರಿಗೆ ಅಲ್ಲಿ ಮಾತಾಡುವ ಹಕ್ಕಿದೆಯಾ? ತಿಳಿದವರು ದಯವಿಟ್ಟು ಹೇಳಿ.

ಕರಿಕೋಟು

ನಾನು ಸಿವಿಲ್ ವಕೀಲ. ನಿಮ್ಮ ದಾವೆಯ ಕಾಗದ ನೋಡಿಲ್ಲ, ಹಾಗಾಗಿ ಕಾನೂನು ಎಲ್ಲಿದೆ ಅಂತ ಮಾತ್ರ ಹೇಳುತ್ತೇನೆ.

ಅಡ್ವರ್ಸ್ ಪೊಸೆಷನ್, ಅಂದರೆ ಪ್ರತಿಕೂಲ ಸ್ವಾಧೀನ ಅನ್ನುವುದು ದಾವೆಗಳಿಗೆ ಕಾಲಮಿತಿ ಹಾಕುವ 1963ರ ಲಿಮಿಟೇಶನ್ ಕಾಯ್ದೆಯಿಂದ ಬಂದದ್ದು. ಬೇರೆಯವರು ತನ್ನ ನೆಲದಲ್ಲಿ ಕೂತಿದ್ದರೂ ಮಾಲೀಕ 12 ವರ್ಷ ದಾವೆ ಹಾಕದೇ ಇದ್ದರೆ ಅವನ ಹಕ್ಕೇ ಹೋಗುತ್ತದೆ. ಅದು ಖಾಸಗಿ ಜಮೀನಿನ ಮಾತು. ಸರ್ಕಾರಕ್ಕೆ 112ನೇ ಆರ್ಟಿಕಲ್ ಪ್ರಕಾರ 30 ವರ್ಷ. ಹಳೇ 1908ರ ಕಾಯ್ದೆಯಲ್ಲಿ ಸರ್ಕಾರಕ್ಕೆ 60 ವರ್ಷ ಇತ್ತು, ಅದನ್ನು ಅರ್ಧಕ್ಕೆ ಇಳಿಸಿದರು. ನಿಮ್ಮ ಕಡೆಯ ದಾವೆಯಲ್ಲಿ ‘ಮೂವತ್ತು’ ಅನ್ನುವ ಅಂಕಿ ಬಂದದ್ದು ಇಲ್ಲಿಂದ.

ಆದರೆ ವರ್ಷ ಎಣಿಸಿದರೆ ಸಾಲದು. ಬಿಜಾಪುರದ ಹಳೇ ಸ್ಮಾರಕಗಳ ಬಗ್ಗೆ ಕರ್ನಾಟಕ ವಕ್ಫ್ ಮಂಡಳಿ ಮತ್ತು ಕೇಂದ್ರ ಸರ್ಕಾರದ ನಡುವೆ ನಡೆದ ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿತು. ಯಾವ ದಿನಾಂಕದಿಂದ ಸ್ವಾಧೀನಕ್ಕೆ ಬಂದೆ? ಅದು ಎಂಥ ಸ್ವಾಧೀನ? ಮಾಲೀಕನಿಗೆ ಗೊತ್ತಿತ್ತಾ? ಎಷ್ಟು ಕಾಲ ನಡೆಯಿತು? ಬಹಿರಂಗವಾಗಿ, ಅಡ್ಡಿಯಿಲ್ಲದೆ ನಡೆಯಿತಾ? ಇಷ್ಟನ್ನೂ ದಾವೆ ಹಾಕಿದವರೇ ಸಾಬೀತು ಮಾಡಬೇಕು. ಕೋರ್ಟ್ ಅವರಿಗೆ ಕರುಣೆ ತೋರಿಸಬೇಕಾಗಿಲ್ಲ, ಯಾಕೆಂದರೆ ಅವರು ಕೇಳುತ್ತಿರುವುದು ಇನ್ನೊಬ್ಬರ ಆಸ್ತಿ.

2010ರ ಆರ್. ಹನುಮಯ್ಯ ಪ್ರಕರಣವೂ ಕರ್ನಾಟಕದ್ದೇ. ಸರ್ಕಾರದ ವಿರುದ್ಧ ಹಕ್ಕು ಘೋಷಣೆ ಕೇಳಿ ಬಂದಾಗ ಕೆಳಗಿನ ಕೋರ್ಟ್‌ಗಳು ಎರಡು ಪಟ್ಟು ಎಚ್ಚರ ಇಟ್ಟುಕೊಳ್ಳಬೇಕು, ಸರ್ಕಾರ ಸರಿಯಾಗಿ ವಾದಿಸದೇ ಇದ್ದರೂ ವಾದಿ ತನ್ನ ಹಕ್ಕನ್ನು ರುಜುವಾತು ಮಾಡಲೇಬೇಕು ಅನ್ನುವುದು ಅದರ ಸಾರ. ಅಲ್ಲೊಂದು ಇಲ್ಲೊಂದು ಪಹಣಿ ನಮೂದು ತೋರಿಸಿದರೆ ಆಗಲ್ಲ.

ಇನ್ನು ಅಧಿಸೂಚಿತ ಅರಣ್ಯವಾದರೆ ಅವರ ದಾರಿ ಮತ್ತೂ ಕಷ್ಟ. ಕಾಯ್ದಿಟ್ಟ ಅರಣ್ಯದಲ್ಲಿ ವಾರಸುದಾರಿಕೆಯಿಂದ ಅಥವಾ ಸರ್ಕಾರ ಬರೆದುಕೊಟ್ಟ ಪತ್ರದಿಂದ ಬಿಟ್ಟರೆ ಹೊಸದಾಗಿ ಯಾವ ಹಕ್ಕೂ ಹುಟ್ಟುವುದಿಲ್ಲ ಅಂತ 1927ರ ಭಾರತೀಯ ಅರಣ್ಯ ಕಾಯ್ದೆಯ 23ನೇ ಕಲಂ ಹೇಳುತ್ತದೆ. ನಮ್ಮ 1963ರ ಕರ್ನಾಟಕ ಅರಣ್ಯ ಕಾಯ್ದೆಯದೂ ಅದೇ ನಿಲುವು.

ಹಾಗಾದರೆ ಕಾಡು ಯಾಕೆ ಹೋಗುತ್ತಿದೆ? ನನ್ನ ಅನುಭವ ಹೇಳುತ್ತೇನೆ. ಕಾಡು ಕಾನೂನಿನಿಂದ ಹೋಗುವುದಿಲ್ಲ, ಗೈರುಹಾಜರಿಯಿಂದ ಹೋಗುತ್ತದೆ. ಸಮನ್ಸ್ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಲಿಖಿತ ಹೇಳಿಕೆಯ ಗಡುವು ಮುಗಿದಿರುತ್ತದೆ. ಸಾಕ್ಷಿ ಹೇಳಲು ಬರುವ ಅಧಿಕಾರಿಗೆ ಸರ್ವೆ ನಂಬರೇ ಗೊತ್ತಿರುವುದಿಲ್ಲ. ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಒಂದು ಕಡೆಯವರು ಇಲ್ಲದೆಯೇ ತೀರ್ಪು ಆಗುತ್ತದೆ. 30 ದಿನದಲ್ಲಿ ಹಾಕಬೇಕಾದ ಮೇಲ್ಮನವಿ ಮೂರು ವರ್ಷ ತಡವಾಗುತ್ತದೆ. ಇಂಥದ್ದು ಒಂದಲ್ಲ, ಹತ್ತು ನೋಡಿದ್ದೇನೆ.

ನಿಮ್ಮ ಮೊದಲ ಕೆಲಸ: ಅರಣ್ಯ ಇಲಾಖೆಯನ್ನು ಆ ದಾವೆಗೆ ತರುವುದು. ಅರಣ್ಯ ವಿಭಾಗದ ಮುಖ್ಯಸ್ಥರಾದ ಡಿಎಫ್‌ಓಗೆ ದಾವೆ ನಂಬರು, ಸರ್ವೆ ನಂಬರು, ಮುಂದಿನ ದಿನಾಂಕ ಬರೆದು ರಿಜಿಸ್ಟರ್ಡ್ ಪೋಸ್ಟ್ ಕಳಿಸಿ. ಸರ್ಕಾರಿ ವಕೀಲರಿಗೂ ಒಂದು ಪ್ರತಿ. ಎರಡನೆಯದು, ನಿಮ್ಮ ಸಮಿತಿಯಿಂದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 1 ರೂಲ್ 10ರ ಕೆಳಗೆ ಇಂಪ್ಲೀಡಿಂಗ್ ಅರ್ಜಿ, ಅಂದರೆ ನಮ್ಮನ್ನೂ ದಾವೆಗೆ ಸೇರಿಸಿ ಅನ್ನುವ ಅರ್ಜಿ. ಕೋರ್ಟ್ ಒಪ್ಪಲೇಬೇಕು ಅಂತೇನಿಲ್ಲ. ಆದರೆ ಅರ್ಜಿ ಬಿದ್ದ ಮೇಲೆ ಆ ದಾವೆ ಕತ್ತಲಲ್ಲಿ ನಡೆಯುವುದಿಲ್ಲ.

ಹಳೇ ಬೀಟು

ಮೂವತ್ತೆರಡು ವರ್ಷ ಅರಣ್ಯ ಇಲಾಖೆಯಲ್ಲಿದ್ದೆ. ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ನಿವೃತ್ತನಾದೆ. ವಕೀಲರು ಹೇಳಿದ್ದು ಸರಿ. ಆದರೆ ನಿಮ್ಮ ಕಾನು ಯಾವ ಬಗೆಯ ಅರಣ್ಯ ಅಂತ ಮೊದಲು ಪತ್ತೆ ಮಾಡಿ. ಎಲ್ಲವೂ ನಿಂತಿರುವುದು ಅದರ ಮೇಲೆ.

ನಮ್ಮ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ 4ನೇ ಕಲಂ ಅಧಿಸೂಚನೆ ಅಂದರೆ ಇದನ್ನು ಅರಣ್ಯ ಮಾಡುವ ಉದ್ದೇಶ ಇದೆ ಅಂತ ಸರ್ಕಾರ ಹೇಳಿದ್ದು. ಆಮೇಲೆ ವ್ಯವಸ್ಥಾಪನಾಧಿಕಾರಿ ಬಂದು ಯಾರದೇನು ಹಕ್ಕಿದೆ ಅಂತ ವಿಚಾರಣೆ ಮಾಡಬೇಕು. ಎಲ್ಲ ತೀರ್ಮಾನ ಆದ ಮೇಲೆ 17ನೇ ಕಲಂ ಅಧಿಸೂಚನೆ. ಆಗ ಅದು ಪಕ್ಕಾ ಕಾಯ್ದಿಟ್ಟ ಅರಣ್ಯ. ಮಲೆನಾಡಿನಲ್ಲಿ 4 ಆಗಿ 17 ಆಗದೆ ದಶಕಗಟ್ಟಲೆ ಬಿದ್ದಿರುವ ಕಾಡು ಬೇಕಾದಷ್ಟಿದೆ. ಒತ್ತುವರಿ ಮಾಡುವವರ ಕಣ್ಣು ಬೀಳುವುದೂ ಅಲ್ಲೇ. ಇನ್ನು ಕೆಲವು 1900ರ ಮೈಸೂರು ಅರಣ್ಯ ರೆಗ್ಯುಲೇಶನ್ ಕಾಲದಲ್ಲೇ ಅಧಿಸೂಚನೆ ಆದವು. ಅವು ಗಟ್ಟಿ. ಆ ಹಳೇ ಗೆಜೆಟ್ ಪ್ರತಿ ಸಿಕ್ಕರೆ ಅದರಲ್ಲಿ ನಾಲ್ಕೂ ದಿಕ್ಕಿನ ಗಡಿ ಬರೆದಿರುತ್ತಾರೆ, ಹಳ್ಳ, ದಿಬ್ಬ, ಕಲ್ಲುಗುಪ್ಪೆ ಸಮೇತ. ನಾನು ಸೇರಿದ ಹೊಸದರಲ್ಲಿ ನಮ್ಮ ಫಾರೆಸ್ಟರ್ ಆ ಕಲ್ಲುಗುಪ್ಪೆಗಳನ್ನು ಕಾಲ್ನಡಿಗೆಯಲ್ಲೇ ತೋರಿಸಿದ್ದರು. ಈಗಿನ ಹುಡುಗರಿಗೆ ಬೀಟು, ಅಂದರೆ ಒಬ್ಬ ಗಾರ್ಡ್ ಕಾಯುವ ಕಾಡಿನ ಭಾಗ ದೊಡ್ಡದು, ಕೆಲಸ ಜಾಸ್ತಿ, ಅಷ್ಟು ನಡೆಯಲು ಬಿಡುವೇ ಸಿಗಲ್ಲ.

ಇನ್ನೊಂದು. ನಿಮ್ಮ ಬೀಟಿನಲ್ಲಿ ಆ ಜಾಗದ ಮೇಲೆ ಯಾವತ್ತಾದರೂ ಗುನ್ನೆ ದಾಖಲಾಗಿದೆಯಾ, ಮಹಜರು ಆಗಿದೆಯಾ, ಒತ್ತುವರಿ ಎಬ್ಬಿಸುವ 64-ಎ ಕಲಂ ನೋಟಿಸ್ ಹೋಗಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಒಂದು ಗುನ್ನೆ ದಾಖಲಾಗಿದ್ದರೂ ಸಾಕು, ‘ಅಡ್ಡಿಯಿಲ್ಲದ ಸ್ವಾಧೀನ’ ಅನ್ನುವ ಮಾತಿಗೆ ಏಟು ಬೀಳುತ್ತದೆ.

ಆಮೇಲೆ ಅಡಿಕೆ ಮರದ ಹತ್ತಿರ ಹೋಗಿ ನೋಡಿ. ಕಾಂಡದ ಮೇಲೆ ಬಳೆ ಬಳೆಯಾಗಿ ಗುರುತು ಇರುತ್ತಲ್ವಾ, ಅದು ಹಾಳೆ ಬಿದ್ದ ಗುರುತು. ವರ್ಷಕ್ಕೆ ಸುಮಾರು ಆರೇಳು ಹಾಳೆ ಬೀಳುತ್ತದೆ. ಎಣಿಸಿದರೆ ಮರದ ವಯಸ್ಸು ಅಂದಾಜು ಸಿಗುತ್ತದೆ. ಬುಡದ ಹತ್ತಿರ ಗುರುತು ಸರಿಯಾಗಿ ಕಾಣಲ್ಲ, ಹಾಗಾಗಿ ಐದಾರು ವರ್ಷ ಕೂಡಿಸಿಕೊಳ್ಳಿ. ಒಮ್ಮೆ ಒಂದು ಮಹಜರಿಗೆ ಹೋದಾಗ ಮೂವತ್ತೈದು ವರ್ಷದ ತೋಟ ಅಂದಿದ್ದರು. ಎಣಿಸಿದರೆ ಇಡೀ ತೋಟದಲ್ಲಿ ಹದಿನೈದು ದಾಟಿದ ಮರ ಒಂದೂ ಇರಲಿಲ್ಲ. ಹಳೇ ಮರ ತೆಗೆದು ಹೊಸದು ನೆಟ್ಟಿದ್ದೇವೆ ಅಂತ ಅವರು ಹೇಳಬಹುದು. ಹಾಗಿದ್ದರೆ ಹಳೇ ಮರದ ಬುಡ ಎಲ್ಲಿ ಅಂತ ಕೇಳಬೇಕು.

ಹಿನ್ನೀರು

ಎಲ್ಲ ಓದಿದೆ. ಒಂದು ಮಾತು ಹೇಳಲೇಬೇಕು ಅನ್ನಿಸಿತು. ನಾವು ಲಿಂಗನಮಕ್ಕಿ ಮುಳುಗಡೆಯವರು. 1960ರ ದಶಕದಲ್ಲಿ ನಮ್ಮಜ್ಜನ ಮನೆ, ಗದ್ದೆ ಎಲ್ಲ ನೀರಿನಡಿ ಹೋಯಿತು. ಲಾರಿಯಲ್ಲಿ ತಂದು ಕಾಡಿನ ಮಧ್ಯೆ ಇಳಿಸಿದರು. ಇಲ್ಲೇ ಇರಿ ಅಂದರು. ಕಾಗದ ಕೊಡಲಿಲ್ಲ. ನಾಡಿಗೆಲ್ಲ ಕರೆಂಟು ಹೋಯಿತು, ನಮ್ಮ ಮನೆಗೆ ಕರೆಂಟು ಬಂದಿದ್ದು ನನ್ನ ಮದುವೆ ಆದ ಮೇಲೆ. ಮುಳುಗಡೆಯವರಿಗೆ ಅಂತ ಅರಣ್ಯದಿಂದ ಬಿಡಿಸಿದ್ದ ಜಾಗದ ಆದೇಶಗಳು ಕೇಂದ್ರದ ಒಪ್ಪಿಗೆ ಇಲ್ಲ ಅನ್ನುವ ಕಾರಣಕ್ಕೆ 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದವು. ಈಗ ನಾವೂ ದಾಖಲೆಯಲ್ಲಿ ಒತ್ತುವರಿದಾರರು.

ಕಾಡು ಉಳಿಯಬೇಕು ಅಂತ ನಮಗೂ ಇದೆ. ಆದರೆ ‘ಒತ್ತುವರಿ’ ಅಂತ ಒಂದೇ ಹೆಸರಿಟ್ಟು ಎಲ್ಲರನ್ನೂ ಒಂದೇ ಗೂಟಕ್ಕೆ ಕಟ್ಟಬೇಡಿ. ಹದಿನೈದು ಎಕರೆ ಇದ್ದೂ ಕಾನು ಕಡಿದವರೂ ನಾವೂ ಒಂದೇನಾ?

ಕಾನಂಚು

ಅಕ್ಕ, ಖಂಡಿತ ಒಂದಲ್ಲ. ನಮ್ಮೂರಲ್ಲೂ ಒಂದು ಎಕರೆ, ಅರ್ಧ ಎಕರೆ ಸಾಗುವಳಿ ಮಾಡಿಕೊಂಡು ಬದುಕಿರುವ ಮನೆಗಳಿವೆ. ಅವರ ಮೇಲೆ ನಾವು ಒಂದು ದೂರನ್ನೂ ಬರೆದಿಲ್ಲ, ಬರೆಯುವುದೂ ಇಲ್ಲ. ಮೊದಲೇ ಹೇಳಬೇಕಿತ್ತು.

ಕರಿಕೋಟು

ಹಿನ್ನೀರಿನ ಅಕ್ಕ ಎತ್ತಿದ ಮಾತು ಈ ಚರ್ಚೆಗೆ ತುಂಬ ಮುಖ್ಯ. ಅದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಿಮ್ಮಂಥವರಿಗೆ ಇರುವ ದಾರಿ ಬೇರೆ. ಕಂದಾಯ ಜಮೀನಾದರೆ ಬಗರ್ ಹುಕುಂ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ನೆಲವನ್ನು ಸಕ್ರಮ ಮಾಡಿಸುವ ನಮೂನೆ 50, 53, 57ರ ಅರ್ಜಿ. ಕಾಡಾದರೆ 2006ರ ಅರಣ್ಯ ಹಕ್ಕು ಕಾಯ್ದೆ. ಅದರಲ್ಲಿ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿ ಇದ್ದಿರಬೇಕು, ಗರಿಷ್ಠ 4 ಹೆಕ್ಟೇರ್. ಪರಿಶಿಷ್ಟ ಪಂಗಡದವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಈ ಮೂರು ತಲೆಮಾರಿನ ಷರತ್ತಿನಿಂದ ಮಲೆನಾಡಿನ ಎಷ್ಟೋ ಬಡವರ ಅರ್ಜಿ ತಿರಸ್ಕಾರ ಆಗಿದೆ. ಮುಳುಗಡೆಯವರನ್ನು ಸರ್ಕಾರವೇ 1960ರ ದಶಕದಲ್ಲಿ ತಂದು ಇಳಿಸಿರುವಾಗ ಅದೇ ಜಾಗದಲ್ಲಿ 75 ವರ್ಷ ತೋರಿಸಿ ಅಂದರೆ ಎಲ್ಲಿಂದ ತರುವುದು? ಅದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ. ಆದರೂ ಹಕ್ಕು ಕೇಳಿದವರ ಅರ್ಜಿ ತೀರ್ಮಾನ ಆಗುವ ತನಕ ಅವರನ್ನು ಒಕ್ಕಲೆಬ್ಬಿಸುವಂತಿಲ್ಲ ಅಂತ ಅದೇ ಕಾಯ್ದೆಯ 4(5)ನೇ ಕಲಂ ಇದೆ. ಅದು ದೊಡ್ಡ ರಕ್ಷಣೆ.

ಈಗ ವ್ಯತ್ಯಾಸ ನೋಡಿ. ಬಗರ್ ಹುಕುಂ ಅರ್ಜಿ ಹಾಕುವವರು ಏನು ಹೇಳುತ್ತಾರೆ? ಇದು ಸರ್ಕಾರದ ನೆಲ, ನಾನು ಉಳುತ್ತಿದ್ದೇನೆ, ನನಗೆ ಮಂಜೂರು ಮಾಡಿ ಅಂತ. ಅಲ್ಲಿ ಒಪ್ಪಿಗೆ ಇದೆ, ವಿನಂತಿ ಇದೆ. ಪ್ರತಿಕೂಲ ಸ್ವಾಧೀನದ ವಾದ ಪೂರ್ತಿ ಉಲ್ಟಾ. ಇದು ಸರ್ಕಾರದ್ದಲ್ಲ, ನಾನು ಮಾಲೀಕನ ಹಾಗೆ ಸೆಡ್ಡು ಹೊಡೆದು ಕೂತಿದ್ದೇನೆ, ಸರ್ಕಾರ ಸುಮ್ಮನಿತ್ತು, ಹಾಗಾಗಿ ಅದರ ಹಕ್ಕು ಸತ್ತಿದೆ ಅಂತ. ಎರಡನ್ನೂ ಒಟ್ಟಿಗೆ ಹೇಳಲು ಬರುವುದಿಲ್ಲ.

ಕಾನಂಚು ಅವರೇ, ನಿಮ್ಮ ಕೈಗೆ ಸಿಗಬಹುದಾದ ದೊಡ್ಡ ಸಾಕ್ಷಿ ಇಲ್ಲೇ ಇದೆ. ಆ ವ್ಯಕ್ತಿ ಯಾವತ್ತಾದರೂ ನಮೂನೆ 50, 53 ಅಥವಾ 57ರಲ್ಲಿ ಅದೇ ಸರ್ವೆ ನಂಬರಿಗೆ ಅರ್ಜಿ ಹಾಕಿದ್ದಾರಾ? ಅನಧಿಕೃತ ಸಾಗುವಳಿಗೆ ಹಾಕುವ ಟಿ.ಟಿ. ದಂಡ ಕಟ್ಟಿ ರಶೀದಿ ಇಟ್ಟುಕೊಂಡಿದ್ದಾರಾ? ಎಷ್ಟೋ ಜನ ಆ ರಶೀದಿಗಳನ್ನೇ ‘ನಮ್ಮ ಅನುಭವಕ್ಕೆ ಪುರಾವೆ’ ಅಂತ ಹಾಜರು ಮಾಡುತ್ತಾರೆ. ಉಳುತ್ತಿದ್ದರು ಅನ್ನುವುದಕ್ಕೆ ಅದು ಪುರಾವೆ, ನಿಜ. ಆದರೆ ಅನಧಿಕೃತ ಸಾಗುವಳಿಗೆ ಸರ್ಕಾರಕ್ಕೆ ದಂಡ ಕಟ್ಟಿದವನು ಆ ನೆಲ ಸರ್ಕಾರದ್ದು ಅಂತ ಒಪ್ಪಿದ ಹಾಗಾಯಿತು. ಅಲ್ಲಿಗೆ ಪ್ರತಿಕೂಲ ಅನ್ನುವ ಮಾತು ನಿಲ್ಲುವುದು ಬಹಳ ಕಷ್ಟ.

ಬಿರುಗಾಳಿ

ಇಷ್ಟೆಲ್ಲ ಯಾಕೆ? ಊರಿನವರು ನೂರು ಜನ ಸೇರಿ ಒಂದು ರಾತ್ರಿ ಬೇಲಿ ಕಿತ್ತು ಸಸಿ ಕಡಿದರೆ ಮುಗೀತು.

ಹಳೇ ಬೀಟು

ತಮ್ಮಾ, ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ಹಾಗೆ ಮಾಡಿದ ಮಾರನೇ ದಿನವೇ ಅವರು ಕೋರ್ಟಿಗೆ ಫೋಟೋ ಹಿಡಿದು ಹೋಗುತ್ತಾರೆ. ನೋಡಿ ಸ್ವಾಮಿ, ನಮ್ಮ ಸ್ವಾಧೀನಕ್ಕೆ ತೊಂದರೆ ಆಗುತ್ತಿದೆ ಅಂತ ತಡೆಯಾಜ್ಞೆ ತರುತ್ತಾರೆ. ಊರಿನ ಹುಡುಗರ ಮೇಲೆ ಕೇಸು. ಅತಿಕ್ರಮಣ ಮಾಡಿ ಕೂತವರನ್ನೂ ಕಾನೂನಿನ ದಾರಿಯಲ್ಲೇ ಎಬ್ಬಿಸಬೇಕು. ಆ ದಾರಿ 64-ಎ. ಎಸಿಎಫ್, ಅಂದರೆ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ನೋಟಿಸ್ ಕೊಡುತ್ತಾರೆ, ಇಬ್ಬರ ಮಾತೂ ಕೇಳುತ್ತಾರೆ, ಆದೇಶ ಮಾಡುತ್ತಾರೆ. ದಯವಿಟ್ಟು ಯಾರೂ ಕತ್ತಿ ಹಿಡಿದು ಹೋಗಬೇಡಿ.

ಸಂಕಲೆ

ನಾನು ಸರ್ವೆಯಲ್ಲಿ ಕೆಲಸ ಮಾಡುವವನು. ಕಾಗದದ ಕಡೆಯಿಂದ ಹೇಳುತ್ತೇನೆ.

ಮೊದಲು ದಿಶಾಂಕ್ ಆಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತು ಸರ್ವೆ ನಂಬರು ನೋಡಿ. ಅದು ಅಂದಾಜಿಗೆ ಮಾತ್ರ, ಕೋರ್ಟಿಗೆ ಸಾಕ್ಷಿ ಅಲ್ಲ. ಆಮೇಲೆ ಆ ನಂಬರಿನ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ‘ಅರಣ್ಯ’ ಅಂತ ಇದೆಯಾ, ಬರೀ ‘ಸರ್ಕಾರಿ’ ಅಂತ ಇದೆಯಾ? ಅಧಿಸೂಚನೆ ಆಗಿ ಎಷ್ಟೋ ವರ್ಷ ಆದರೂ ಪಹಣಿಯಲ್ಲಿ ಅರಣ್ಯ ಅಂತ ಏರದ ಜಾಗ ಬಹಳ ಇದೆ. ಕಂದಾಯದವರು ತಮ್ಮದು ಅಂದುಕೊಂಡಿರುತ್ತಾರೆ, ಅರಣ್ಯದವರು ತಮ್ಮದು ಅಂದುಕೊಂಡಿರುತ್ತಾರೆ. ನಡುವೆ ಮೂರನೆಯವರು ನುಗ್ಗುತ್ತಾರೆ. ನಿಮ್ಮ ದಾವೆಯಲ್ಲಿ ಅರಣ್ಯ ಇಲಾಖೆಯನ್ನು ಬಿಟ್ಟಿರುವುದಕ್ಕೂ ಇದೇ ಕಾರಣ ಇರಬಹುದು.

12ನೇ ಕಾಲಂನಲ್ಲಿ ಸಾಗುವಳಿದಾರರು ಅಂತ ಅವರ ಹೆಸರು ಎಲ್ಲಿಂದ ಶುರುವಾಗಿದೆ ಅಂತ ನೋಡಿ. ಕೈಬರಹದ ಹಳೇ ಪಹಣಿಗಳನ್ನೂ ತೆಗೆಸಿ. ಒಂದು ವರ್ಷ ಇದ್ದಕ್ಕಿದ್ದಂತೆ ಹೆಸರು ಬಂದಿದ್ದರೆ ಯಾವ ಆದೇಶದ ಮೇಲೆ ಬಂತು ಅಂತ ಕೇಳಬಹುದು. ಮೂಲ ಟಿಪ್ಪಣಿ (ಮೊದಲ ಅಳತೆಯ ನಕ್ಷೆ) ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ) ದೃಢೀಕೃತ ಪ್ರತಿ ಇಟ್ಟುಕೊಳ್ಳಿ. ಜಂಟಿ ಸರ್ವೆಗೆ ಅರ್ಜಿ ಕೊಡಿ. ಕಂದಾಯ, ಅರಣ್ಯ, ಭೂಮಾಪನ ಮೂವರೂ ಒಟ್ಟಿಗೆ ನಿಂತು ಕಲ್ಲು ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ.

ಉಪಗ್ರಹ ಚಿತ್ರವೂ ಇದೆ. ನಮ್ಮ ಐಆರ್‌ಎಸ್-1ಎ ಹಾರಿದ್ದು 1988ರಲ್ಲಿ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 1972ರಿಂದಲೇ ಇವೆ. ಹಳೇ ಚಿತ್ರದಲ್ಲಿ ಒಂದೊಂದು ಮರ ಕಾಣಲ್ಲ. ಆದರೆ ಆರು ಎಕರೆ ಒತ್ತಾದ ಕಾನು ಇತ್ತಾ, ಬೋಳು ಇತ್ತಾ ಅನ್ನುವುದು ತಿಳಿದವರು ನೋಡಿದರೆ ಗೊತ್ತಾಗುತ್ತದೆ. ಕೋರ್ಟಿಗೆ ಬೇಕಾದರೆ ಅಧಿಕೃತ ಸಂಸ್ಥೆಯಿಂದ ಪ್ರಮಾಣಪತ್ರದ ಜೊತೆ ತರಿಸಬೇಕು.

ಸೊಪ್ಪಿನ ಬೆಟ್ಟ

ಶಿರಸಿ ಕಡೆಯವನು. ನಮಗೆ ತೋಟದ ಜೊತೆ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು ಇದೆ, ತಲೆತಲಾಂತರದಿಂದ ಸೊಪ್ಪು, ದರಕು (ಒಣ ಎಲೆ) ತರುತ್ತೇವೆ. ನಮ್ಮ ಕಡೆ ಕೆಲವರು, ಇಷ್ಟು ವರ್ಷ ಅನುಭವಿಸಿದ್ದೇವಲ್ಲ, ಬೆಟ್ಟವೂ ನಮ್ಮದೇ ಆಗುತ್ತದೆ ಅನ್ನುತ್ತಾರೆ. ಹೌದಾ?

ಕರಿಕೋಟು

ಇಲ್ಲ ಮಾರಾಯ್ರೆ. ಸೊಪ್ಪು ತರುವುದು ಸರ್ಕಾರ ಕೊಟ್ಟ ಸವಲತ್ತು. ಅನುಮತಿಯಿಂದ ಶುರುವಾದ ಅನುಭವ ನೂರು ವರ್ಷ ನಡೆದರೂ ಪ್ರತಿಕೂಲ ಆಗುವುದಿಲ್ಲ. ಸವಲತ್ತು ಉಳಿಸಿಕೊಳ್ಳಿ. ಒಡೆತನ ಕೇಳಲು ಹೋದರೆ ಇರುವ ಸವಲತ್ತಿಗೂ ಕುತ್ತು ಬರಬಹುದು.

ಮೂಸಿ ದಂಡೆ

ನಾನು ಹೈದರಾಬಾದ್‌ನಲ್ಲಿರುವ ಕನ್ನಡಿಗ. ಇಲ್ಲಿನ ಒಂದು ಪ್ರಕರಣ ನಿಮಗೆ ಉಪಯೋಗ ಆಗಬಹುದು. ವರಂಗಲ್‌ನ ಕೊಂಪಲ್ಲಿಯಲ್ಲಿ 106 ಎಕರೆ ಅರಣ್ಯ ಭೂಮಿ. ಖಾಸಗಿ ವ್ಯಕ್ತಿ ತನ್ನದು ಅಂತ ದಾವೆ ಹಾಕಿದ್ದರು. ಹೈಕೋರ್ಟ್ ಮೊದಲು ಸರ್ಕಾರದ ಪರ ತೀರ್ಪು ಕೊಟ್ಟು, ಪುನರ್‌ಪರಿಶೀಲನೆಯಲ್ಲಿ ಅದನ್ನು ತಿರುಗಿಸಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಎರಡನೇ ತೀರ್ಪನ್ನು ರದ್ದು ಮಾಡಿತು. ಕಾಡನ್ನು ಕಾಯಬೇಕಾದ ಸರ್ಕಾರದ ಕಡೆಯಿಂದಲೇ ಎದುರಾಳಿಗೆ ಅನುಕೂಲವಾಗುವ ಅಫಿಡವಿಟ್ ಬಂದದ್ದನ್ನು ಕಂಡು ಕೋರ್ಟ್ ಕಟುವಾಗಿ ಮಾತಾಡಿತು. ಎರಡೂ ಕಡೆಯವರಿಗೆ ತಲಾ 5 ಲಕ್ಷ ರೂಪಾಯಿ ದಂಡ ಹಾಕಿತು. ಅಧಿಕಾರಿಗಳ ಪಾತ್ರದ ಬಗ್ಗೆ ವಿಚಾರಣೆ ಮಾಡಲು ಸರ್ಕಾರಕ್ಕೆ ಬಿಟ್ಟಿತು.

ಆಮೇಲೆ 2025ರ ಮೇ 15ರಂದು ಪುಣೆಯ ಕೊಂಢ್ವಾ ಜಮೀನಿನ ತೀರ್ಪು ಬಂತು. ಅದು ನಿಮ್ಮ ರಾಜ್ಯಕ್ಕೂ ಅನ್ವಯ. ಕಂದಾಯ ಇಲಾಖೆಯ ಕೈಯಲ್ಲಿರುವ ಕಾಯ್ದಿಟ್ಟ ಅರಣ್ಯವನ್ನು ಖಾಸಗಿಯವರಿಗೆ ಕೊಟ್ಟಿದ್ದಾರಾ ಅಂತ ನೋಡಲು ಪ್ರತಿ ರಾಜ್ಯವೂ ವಿಶೇಷ ತನಿಖಾ ತಂಡ ಮಾಡಬೇಕು, ಅಂಥ ಅರಣ್ಯವನ್ನು ಒಂದು ವರ್ಷದೊಳಗೆ ಅರಣ್ಯ ಇಲಾಖೆಗೆ ವಹಿಸಬೇಕು ಅಂತ ನಿರ್ದೇಶನ ಇದೆ. ನಿಮ್ಮ ಕಾನು ಪಹಣಿಯಲ್ಲಿ ‘ಸರ್ಕಾರಿ’ ಅಂತಲೇ ಇದ್ದರೆ ಈ ತೀರ್ಪನ್ನು ಉಲ್ಲೇಖಿಸಿ ಅರ್ಜಿ ಕೊಡಿ.

ಹಿನ್ನೀರು

ನನಗೊಂದು ಅನುಮಾನ. ಈ ಅಡ್ವರ್ಸ್ ಪೊಸೆಷನ್ ಅನ್ನುವುದನ್ನು ಕಾಡು, ಕೆರೆ, ಗೋಮಾಳಕ್ಕೆ ಇಲ್ಲವೇ ಇಲ್ಲ ಅಂತ ತೆಗೆದುಹಾಕಲು ಆಗಲ್ವಾ?

ಕರಿಕೋಟು

ಆಗಬೇಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ. 2019ರ ರವೀಂದರ್ ಕೌರ್ ಗ್ರೇವಾಲ್ ತೀರ್ಪಿನಲ್ಲಿ, ಪ್ರತಿಕೂಲ ಸ್ವಾಧೀನದ ಮೇಲೆ ವಾದಿಯೇ ದಾವೆ ಹಾಕಬಹುದು ಅಂತ ತೀರ್ಮಾನಿಸಿದರು. ಇಂಥ ದಾವೆಗೆ ಬಾಗಿಲು ತೆರೆದದ್ದು ಅದೇ. ಆದರೆ ಅದೇ ತೀರ್ಪಿನ ಕೊನೆಗೆ, ಸಾರ್ವಜನಿಕ ಬಳಕೆಯ ಜಮೀನಿನ ಮೇಲೆ ಹೀಗೆ ಹಕ್ಕು ಹುಟ್ಟಬಾರದು, ಕಾಯ್ದೆಗೆ ತಿದ್ದುಪಡಿ ತರುವುದು ಒಳ್ಳೆಯದು ಅಂದರು. 2023ರಲ್ಲಿ ಕಾನೂನು ಆಯೋಗ ತನ್ನ 280ನೇ ವರದಿಯಲ್ಲಿ ಬದಲಾವಣೆ ಬೇಡ ಅಂತ ಹೇಳಿತು. ನನಗೆ ಆ ವರದಿ ಒಪ್ಪಿಗೆಯಿಲ್ಲ. ಖಾಸಗಿ ಮಾಲೀಕನಿಗೆ ತನ್ನ ಒಂದು ಸೈಟು ನೋಡಿಕೊಳ್ಳುವುದು ಕಷ್ಟವಲ್ಲ. ಒಬ್ಬ ಗಾರ್ಡಿಗೆ ಸಾವಿರಾರು ಎಕರೆ ಬೀಟು ಕೊಟ್ಟು, ಮೂವತ್ತು ವರ್ಷ ನೋಡಲಿಲ್ಲ ಅಂತ ಊರಿನ ಕಾಡನ್ನು ಕಳೆಯುವುದು ಯಾವ ನ್ಯಾಯ?

ಅಂದಹಾಗೆ ಅರಣ್ಯ ಹಕ್ಕು ಕಾಯ್ದೆಯಲ್ಲೇ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ಅಂತ ಇದೆ. ತಾವು ಪರಂಪರೆಯಿಂದ ಕಾಯ್ದುಕೊಂಡು ಬಂದ ಕಾಡನ್ನು ರಕ್ಷಿಸುವ ಹಕ್ಕು ಅದು. ಉಪ್ಪಾಗೆ ಹೆಕ್ಕುವ ನಿಮ್ಮ ಊರಿನ ಹೆಂಗಸರು ಗ್ರಾಮಸಭೆಯಲ್ಲಿ ಆ ಹಕ್ಕು ಕೇಳಬಹುದು. ಅದು ಸಿಕ್ಕರೆ, ನಿಮಗೇನು ಸಂಬಂಧ ಅಂತ ಯಾರೂ ಕೇಳುವ ಹಾಗಿರುವುದಿಲ್ಲ.

ಕಾನಂಚು

ಏಳು ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಹೇಳಿದ್ದನ್ನು ಒಂದೊಂದಾಗಿ ಮಾಡಿದೆವು.

ಹಳೇ ಗೆಜೆಟ್ ಸಿಕ್ಕಿತು. ನಮ್ಮ ಕಾನಿಗೆ 4ನೇ ಕಲಂ ಆಗಿದೆ, 17 ಆಗಿಲ್ಲ. ಪಹಣಿಯಲ್ಲಿ ಬರೀ ‘ಸರ್ಕಾರಿ’. ಸಂಕಲೆ ಅವರು ಹೇಳಿದ್ದೇ ಸರಿಯಾಯಿತು. ಜಂಟಿ ಸರ್ವೆಗೆ ಅರ್ಜಿ ಕೊಟ್ಟಿದ್ದೇವೆ, ಈ ಸಲ ಸ್ವೀಕೃತಿ ಕೇಳಿ ಪಡೆದೆವು.

ಮಾಹಿತಿ ಹಕ್ಕಿನಲ್ಲಿ ಎರಡು ಕಾಗದ ಬಂದವು. ಒಂದು, ಹದಿನಾಲ್ಕು ವರ್ಷದ ಹಿಂದಿನ ಅರಣ್ಯ ಗುನ್ನೆ. ಮರ ಕಡಿದದ್ದಕ್ಕೆ ಅವರ ಮೇಲೆ ದಾಖಲಾಗಿತ್ತು, ಆಮೇಲೆ ಯಾರೂ ಮುಂದುವರಿಸಿಲ್ಲ. ಇನ್ನೊಂದು ನೋಡಿ ನನ್ನ ಕೈ ನಡುಗಿತು. ಅದೇ ಸರ್ವೆ ನಂಬರಿಗೆ ಅವರೇ ಸಹಿ ಮಾಡಿದ ನಮೂನೆ 57ರ ಅರ್ಜಿ. ಸರ್ಕಾರಿ ಜಮೀನು ಮಂಜೂರು ಮಾಡಿಕೊಡಿ ಅಂತ ಅವರ ಕೈಬರಹದಲ್ಲೇ ಇದೆ.

ಡಿಎಫ್‌ಓ ಕಚೇರಿಗೆ ಊರಿನಿಂದ ಇಪ್ಪತ್ತಾರು ಜನ ಹೋಗಿದ್ದೆವು, ಅದರಲ್ಲಿ ಹದಿನೇಳು ಹೆಂಗಸರು. ಇಲಾಖೆಯನ್ನು ಪ್ರತಿವಾದಿ ಮಾಡಲು ಸರ್ಕಾರಿ ವಕೀಲರು ಅರ್ಜಿ ಹಾಕಿದ್ದಾರೆ. ನಮ್ಮ ಸಮಿತಿಯದೂ ಒಂದು ಹಾಕಿದ್ದೇವೆ, ಅದಕ್ಕೆ ಆ ಕಡೆಯವರು ಆಕ್ಷೇಪಣೆ ಸಲ್ಲಿಸಿದ್ದಾರೆ. ತಡೆಯಾಜ್ಞೆ ಇನ್ನೂ ಸಿಕ್ಕಿಲ್ಲ ಅವರಿಗೆ.

ಹಳೇ ಬೀಟು ಅಣ್ಣ, ನಮ್ಮ ಬೀಟಿನಲ್ಲಿ ಮೊದಲಿದ್ದ ಗಾರ್ಡ್ ಒಬ್ಬರು ಈಗ ಮಗನ ಮನೆಯಲ್ಲಿದ್ದಾರೆ. ಎಪ್ಪತ್ತು ದಾಟಿದೆ. ಹೋಗಿ ಕೇಳಿದೆವು. ಆ ಜಾಗದಲ್ಲಿ ಎಷ್ಟು ದೊಡ್ಡ ಮಾವು, ಹೆಬ್ಬಲಸು ಇತ್ತು ಅಂತ ಒಂದೊಂದನ್ನೂ ಹೇಳಿದರು. ಸಾಕ್ಷಿ ಹೇಳಲು ಬರುತ್ತೇನೆ, ಆದರೆ ಬಸ್ಸಿನಲ್ಲಿ ಕೂರಲು ಆಗಲ್ಲ ಅಂದರು. ಕಾರು ಹೊಂದಿಸಿದ್ದೇವೆ. ಮುಂದಿನ ದಿನಾಂಕ ಹದಿನೆಂಟಕ್ಕೆ. ಆ ದಿನ ಕೋರ್ಟಿಗೆ ಬರಲು ಹತ್ತಿರದವರು ಯಾರಾದರೂ ಇದ್ದರೆ ನನಗೆ ಸಂದೇಶ ಹಾಕಿ.